ಅರ್ಧ ಎತ್ತರದ ಮೆಟ್ಟಿಲು

ಪರದೆಮಾಮನ ಮನೆಯ ಮೆಟ್ಟಿಲು ಎಷ್ಟು ಕಡಿದೆಂದರೆ, ಕೆಳಗಿನಿಂದ ಬಿಸಿಬಿಸಿಯಾಗಿ ಹೊರಟ ಕಾಫಿ ಮೇಲೆ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟಿರುತ್ತಿತ್ತು. ಕಾಗೆಗಳೂ ಅರ್ಧ ದಾರಿಯಲ್ಲಿ ಕೂತು ದಣಿವಾರಿಸಿಕೊಂಡೇ ಮೇಲೆ ಹಾರುತ್ತಿದ್ದವು. ಸುಳ್ಳೆನ್ನುವವರು ಅವನ ಹೆಂಡತಿಯ ಮಂಡಿಗಳನ್ನು ಕೇಳಲಿ. ಆ ಮಂಡಿಗಳ ಸಲುವಾಗಿಯೇ ಮನೆ ಮಾರಾಟಕ್ಕಿತ್ತು. ಹಿಂದಿನ ಬೀದಿಯಲ್ಲಿ ಒಂದೂ ಮೆಟ್ಟಿಲಿಲ್ಲದ ಪುಟ್ಟ ಮನೆ ಸಿಕ್ಕಿತ್ತು. ಅದರ ಒಡತಿ ಮಾತ್ರ, "ಇವತ್ತು ಸಂಜೆವರೆಗೆ ಕಾಯ್ತೀನಿ, ಆಮೇಲೆ ಬೇರೆಯವರಿಗೆ" ಎಂದುಬಿಟ್ಟಿದ್ದಳು.

ಮಾಮನ ಕಸುಬು ನಾಟಕದ ಪರದೆ ಬರೆಯುವುದು. ಅವನು ಬರೆದ ಕಾಡಿನೊಳಗೆ ನಟನೊಬ್ಬ ದಾರಿ ತಪ್ಪಿ, ಮೂರನೇ ಅಂಕಕ್ಕೆ ಬರಲೇ ಇಲ್ಲವೆಂದು ಪ್ರತೀತಿ. ಪ್ರತೀತಿ ಹುಟ್ಟಿಸಿದವನೂ ಮಾಮನೇ. ಇಂಥವನಿಗೆ ಬ್ರೋಕರ್ "ಗಿರಾಕಿ ಬರೋ ಮುಂಚೆ ಮನೆ ಸ್ವಲ್ಪ ಚೆಂದ ಮಾಡಿ" ಎಂದದ್ದು ಮಂಗನಿಗೆ ಹೆಂಡ ಕುಡಿಸಿದಂತಾಯಿತು. ಮುರುಕು ಕುರ್ಚಿ ಅಟ್ಟ ಹತ್ತಿತು. ಕನ್ನಡಿ ಕಿಟಕಿಯೆದುರಿಗೆ ಬಂದು ಕೋಣೆಯ ಬಿಸಿಲನ್ನು ದುಪ್ಪಟ್ಟು ಮಾಡಿತು. ಕೊನೆಗೆ ಅವನ ಕಣ್ಣು ಮೆಟ್ಟಿಲ ಮೇಲೆ ಬಿತ್ತು. ಪ್ರತಿ ಮೆಟ್ಟಿಲಿನ ನೆಟ್ಟಗೆ ನಿಂತ ಮುಖದ ಮೇಲರ್ಧಕ್ಕೆ ತುಳಿಯುವ ಜಾಗದ್ದೇ ಬಿಳಿ, ಕೆಳಗರ್ಧಕ್ಕೆ ನೆರಳಿನ ಬೂದು ಬಳಿದ. ಕೆಳಗೆ ನಿಂತು ನೋಡಿದರೆ ಎತ್ತರ ಅರ್ಧಕ್ಕರ್ಧ ಮಾಯ!

"ಹೇಗಿದೆ ಕಣೇ?"

"ಕಣ್ಣಿಗೆ ಇಳಿದಿದೆ. ಮಂಡಿಗೆ ಇಳಿದಿಲ್ಲ."

"ಗಿರಾಕಿ ಕಣ್ಣಲ್ಲಿ ತಾನೇ ಕೊಳ್ಳೋದು?"

"ಹತ್ತೋದು ಕಾಲಲ್ಲಿ ರೀ. ನಾಟಕ ನೋಡೋಕೆ ಬಂದವರು ನಿಮ್ಮ ಪರದೆ ಮೇಲೆ ನಡೀತಾರಾ?"

ಮಾಮ ಉಳಿದೊಂದು ಕುರ್ಚಿ ಸರಿಸಿದ. ಮತ್ತೆ ಇದ್ದಲ್ಲಿಗೇ ಸರಿಸಿದ. ಮಧ್ಯಾಹ್ನವಿಡೀ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿ ಹೊಸ ನೆಲಹಾಸನ್ನು ಹಳತು ಮಾಡಿದ. ಹಿಂದಿನ ಬೀದಿಯ ಒಡತಿ ಫೋನ್ ಮಾಡಿ, "ಇನ್ನೊಬ್ಬರು ನೋಡೋಕೆ ಬಂದಿದ್ದಾರೆ, ಏನ್ ಹೇಳಲಿ?" ಎಂದಾಗ ಅವನು ಕಿಟಕಿಗೆ ಓಡಿ ಬೀದಿ ಇಣುಕಿದ.

ಸಂಜೆಯಾಗುತ್ತ ಗಿರಾಕಿ ಬಂದ. ಹೆಗಲಿಗೆ ಸಲಕರಣೆಯ ಚೀಲ ಹಾಕಿಕೊಂಡ ಲಿಫ್ಟ್ ರಿಪೇರಿಯವನು. ಕಂಡಷ್ಟೇ ಎತ್ತರಕ್ಕೆ ಕಾಲೆತ್ತಿದ, ಮೊದಲ ಮೆಟ್ಟಿಲಿಗೇ ಎಡವಿದ. ಅವನು ಬಿದ್ದ ಸದ್ದಿಗೆ ಮೂರು ಬೀದಿಯ ನಾಯಿಗಳು ಬೊಗಳಿದವು.

"ಅಯ್ಯೋ!" ಎನ್ನುತ್ತ ಹೆಂಡತಿ ಇಳಿಯತೊಡಗಿದಳು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಓರೆಯಾಗಿ, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ತುಟಿ ಕಚ್ಚಿ.

"ಪೆಟ್ಟಾಯ್ತೇನಪ್ಪಾ?"

"ಕಂಡ ಮೆಟ್ಟಿಲು ಒಂದು, ಒದ್ದ ಮೆಟ್ಟಿಲು ಇನ್ನೊಂದು ಅಮ್ಮಾ."

"ನಮ್ಮೆಜಮಾನರ ಕೈಚಳಕ. ಕಡಿದಾಗಿದೆ ಅಂತ ಗೊತ್ತಾಗಬಾರದು ಅಂತ ಬಳಿದದ್ದು. ನನಗೆ ಹತ್ತಿಳಿಯೋಕಾಗಲ್ಲ, ಅದಕ್ಕೇ ಮಾರ್ತಿರೋದು."

ಮೇಲೆ ನಿಂತ ಮಾಮ ಹಣೆ ಚಚ್ಚಿಕೊಂಡ. ಮುಗಿಯಿತು ಕಥೆ!

ಗಿರಾಕಿ ಮೊಣಕಾಲು ನೀವಿಕೊಂಡು ನಕ್ಕ. "ಲಿಫ್ಟ್ ಕೆಟ್ಟಾಗಲೇ ನನ್ನನ್ನ ಕರೆಯೋದಮ್ಮಾ. ದಿನಾ ಹತ್ತೋದು ಮೆಟ್ಟಿಲೇ. ಸುಳ್ಳು ಮೆಟ್ಟಿಲು ಹತ್ತಿದ್ದು ಮಾತ್ರ ಇವತ್ತೇ."

ಅವನು ಮೇಲೆ ಬಂದು ಗೋಡೆ ತಟ್ಟಿದ, ನಲ್ಲಿ ತಿರುಗಿಸಿದ, ಕಿಟಕಿಯ ಬಿಸಿಲಲ್ಲಿ ಬಹಳ ಹೊತ್ತು ನಿಂತ. ಅವನ ಬಾಡಿಗೆ ಮನೆ ನೆಲಮಾಳಿಗೆಯಲ್ಲಿತ್ತಂತೆ. ಅಲ್ಲಿಗೆ ಸೂರ್ಯನೂ ಇಳಿಯುತ್ತಿರಲಿಲ್ಲವಂತೆ. "ಇಷ್ಟವಾಯ್ತು. ಯೋಚಿಸಿ ನಾಳೆ ಹೇಳ್ತೀನಿ."

"ಕೇಳಿದ್ಯೇನೇ? ನಾಳೆ ಹೇಳ್ತಾರಂತೆ. ಮೇಲೆ ಬಾ!"

"ಬರಲ್ಲ!" ಕೆಳಗಿನ ಮೆಟ್ಟಿಲ ಮೇಲಿಂದ ಉತ್ತರ ಬಂತು. "ಹತ್ತಿದರೆ ಮತ್ತೆ ಇಳೀಬೇಕು. ನನ್ನ ದಿಂಬು ಎಸೀರಿ."

ಮಾಮ ಎಸೆದ. ಅವಳು ದಿಂಬನ್ನು ಮಡಿಲಲ್ಲಿಟ್ಟು ಗಟ್ಟಿಯಾಗಿ ಕೂತಳು. ಗಿರಾಕಿ ಬಗ್ಗಿ ನೋಡಿದ.

"ನಾಳೆವರೆಗೂ ಅಲ್ಲೇ ಇರ್ತೀರಾ ಅಮ್ಮಾ?"

"ನಾನಿರ್ತೀನಪ್ಪಾ. ನಮಗೆ ಸಿಕ್ಕಿರೋ ಹಿಂದಿನ ಬೀದಿಯ ಮೆಟ್ಟಿಲಿಲ್ಲದ ಮನೆ ಇರಲ್ಲ, ಇವತ್ತೇ ಬೇರೆಯವರ ಪಾಲು."

ಗಿರಾಕಿ ತಲೆ ಕೆರೆದುಕೊಂಡ. "ಸರಿ ಯಜಮಾನರೇ, ಈಗಲೇ ಒಪ್ಪಿದೆ. ಆದರೆ ಆ ಬಣ್ಣ ನನ್ನ ಕಣ್ಣೆದುರಿಗೇ ಹೋಗಬೇಕು."

"ನನ್ನ ಜೀವಮಾನದ ಅತ್ಯುತ್ತಮ ಕೆಲಸ ಇದು! ರಂಗದ ಮೇಲಾಗಿದ್ದರೆ ಎರಡು ಸಾವಿರ ಜನ ಎದ್ದು ನಿಂತು ಚಪ್ಪಾಳೆ..."

"ರೀ!"

ಮಾಮ ಬ್ರಷ್ ಹಿಡಿದ. ಮೇಲಿನಿಂದ ಒಂದೊಂದೇ ಮೆಟ್ಟಿಲಿನ ಮುಖಕ್ಕೆಲ್ಲ ಬೂದು ಬಳಿಯುತ್ತ ಇಳಿದ. ಕೊನೆಗೆ ಹೆಂಡತಿಯ ಬೆನ್ನಿಗೆ ಬಂದು ನಿಂತ.

"ಸ್ವಲ್ಪ ಆ ಕಡೆ ಸರಿಯೇ."

"ಸರಿಯೋದೇನು, ಹೊರಟೇಹೋಗ್ತೀನಿ."

ಅವನ ಭುಜ ಹಿಡಿದು ಎದ್ದಳು. ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಮಟ್ಟಸವಾದ ಬೀದಿಯಲ್ಲಿ ನಡೆದಳು. ಎಷ್ಟು ಬಿರುಸಾಗಿ ನಡೆದಳೆಂದರೆ, ಬ್ರಷ್ ಹಿಡಿದೇ ಹಿಂದೆ ಓಡಿದ ಮಾಮನಿಗೆ ಹಿಂದಿನ ಬೀದಿಯ ತಿರುವಿನವರೆಗೂ ಅವಳ ನೆರಳು ಕೂಡ ಸಿಗಲಿಲ್ಲ.