ಬೆನ್ನಿಗೆ ಹೇಳಿದ ಮಾತು

"ಮಾವ, ನಾಳೆ ಬೆಳಿಗ್ಗೆ ನಾವಿಬ್ರೂ ಡಾಕ್ಟರ ಹತ್ರ ಹೋಗ್ಬೇಕು. ನಿಮ್ಮ ಮರೆವಿನ ವಿಷಯ ಮಾತಾಡೋಕೆ," ಎಂದು ಸೊಸೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು. ಅಂಚೆ ಕಚೇರಿಯ ಕೌಂಟರಿನಲ್ಲಿ ಪಾರ್ಸೆಲ್ ತೂಗುತ್ತ, ಬಸ್ಸಿನಲ್ಲಿ ಕಂಬಿ ಹಿಡಿದು ತೂಗಾಡುತ್ತ, ಹೇಗೆ ಹೇಳಿದರೆ ಹಿರಿಯ ಜೀವಕ್ಕೆ ನೋವಾಗದು ಎಂದು ಉರು ಹೊಡೆದಿದ್ದಳು. ಹೇಳಿಯಾದ ಮೇಲೆ ಬಾಗಿಲ ಚೌಕಟ್ಟು ಹಿಡಿದು ಕಾದಳು. ಮಾವನವರ ಬೆನ್ನು ಒಂದಿಷ್ಟೂ ಅಲುಗಲಿಲ್ಲ.

"ಹೂಂ ಹೂಂ," ಎಂದರು ಅವರು ಕೊನೆಗೆ, ಸಣ್ಣ ಬ್ರಶ್ಶನ್ನು ಬಣ್ಣದ ಡಬ್ಬಿಗೆ ಅದ್ದುತ್ತ. "ಇನ್ನೊಂದು ಕೋಟು ಹೊಡೆದ್ರೆ ಸರಿಹೋಗುತ್ತೆ."

ಏನು ಹೇಳಿದರೆ ಏನು ಉತ್ತರ! ಅಳುವುದೋ ನಗುವುದೋ ತಿಳಿಯದೆ ಅವಳು ಅಡಿಗೆಮನೆಗೆ ಹೋಗಿ, ತೊಳೆದಿದ್ದ ಲೋಟಗಳನ್ನೇ ಮತ್ತೊಮ್ಮೆ ತೊಳೆಯತೊಡಗಿದಳು.

ಮಾವನವರು ದುಡಿದದ್ದೆಲ್ಲ ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ, ಫಿಟ್ಟರಾಗಿ. ಎದುರು ಮನೆಯವರು ಬೇರೆ ಊರಿಗೆ ಹೊರಟಾಗ ಅಟ್ಟದ ಮೇಲಿದ್ದ ಒಂದು ಪೆಟ್ಟಿಗೆಯನ್ನು ಇವರ ಕೈಗೆ ಹಾಕಿ ಹೋಗಿದ್ದರು. ಒಳಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ರೈಲಿನ ಎಂಜಿನ್, ಕೆಲವು ಡಬ್ಬಿಗಳು, ಬಾಗಿದ ಹಳಿಗಳು. ಅಷ್ಟೇ ಸಾಕಾಯಿತು. ಹಿಂದಿನ ಕೋಣೆಯ ನಾಲ್ಕು ಗೋಡೆಗೂ ಸೊಂಟದೆತ್ತರಕ್ಕೆ ಹಲಗೆ ಬಂತು. ಹಲಗೆಯ ಮೇಲೆ ಹಳಿ, ನಿಲ್ದಾಣ, ಸೇತುವೆ, ಹಳೆಯ ಪತ್ರಿಕೆಗಳನ್ನು ಅಂಟಿನಲ್ಲಿ ನೆನೆಸಿ ಕಟ್ಟಿದ ಬೆಟ್ಟ, ಬೆಟ್ಟದೊಳಗೆ ಸುರಂಗ. ಪಾತ್ರೆ ತಿಕ್ಕುವ ಸ್ಪಂಜು ಚೂರಾಗಿ, ಹಸಿರಾಗಿ, ಕಾಡಾಯಿತು. ಹಲಗೆ ಬಾಗಿಲಿಗೂ ಅಡ್ಡವಾಗಿ ಹಾದುಹೋಗಿದ್ದರಿಂದ ಒಳಗೆ ಹೋಗಬೇಕೆಂದರೆ ಸೊಂಟ ಬಗ್ಗಿಸಿ ನುಸುಳಬೇಕು. ನಡುವೆ ಉಳಿದ ಜಾಗಕ್ಕೆ ಮನೆಯವರು ಬಾವಿ ಎಂದು ಹೆಸರಿಟ್ಟರು. ಬಾವಿಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಮಾವನವರು. ಬೆಳಕು ಬೇಕಲ್ಲ, ಅದಕ್ಕೆ ಮುಖ ಕಿಟಕಿಯ ಕಡೆ. ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಅಲ್ಲೇ.

ರೈಲು ಬಂದ ಮೇಲೇ ಮರೆವೂ ಬಂದದ್ದು. ಅದಕ್ಕೆ ಮೊದಲು ನಡುಮನೆಯ ಕುರ್ಚಿಯಲ್ಲಿ ಎಲ್ಲರ ಎದುರು ಕೂತು, ಬಂದವರನ್ನೂ ಹೋದವರನ್ನೂ ಗೇಲಿ ಮಾಡಿಕೊಂಡು ಚೆನ್ನಾಗಿಯೇ ಇದ್ದರು. ಈಗ ಹಾಗಲ್ಲ. ಒಲೆಯ ಮೇಲೆ ಸೀಟಿ ಹೊಡೆಯುವ ಕೆಟಲ್ ಇಟ್ಟು ಬಂದು ಪಕ್ಕದ ಕೋಣೆಯಲ್ಲೇ ಕೂತಿರುತ್ತಾರೆ. ಅದು ಸೀಟಿ ಹೊಡೆದು ಹೊಡೆದು, ನೀರು ಬತ್ತಿ, ತಳ ಕರ್ರಗಾಗಿರುತ್ತದೆ. ಗಂಟೆ ಒತ್ತಿದವರು ಒತ್ತಿ ಸಾಕಾಗಿ ಹೋಗಿರುತ್ತಾರೆ. ಗಂಡ ಕೆಲಸದ ಮೇಲೆ ಪರ ಊರಿಗೆ ಹೋಗುತ್ತಾನೆಂದು ಸಾರಿ ಸಾರಿ ಹೇಳಿದ್ದರೂ, "ಅವನು ಬರಲಿ, ಒಟ್ಟಿಗೆ ಊಟ ಮಾಡೋಣ" ಎಂದು ಬಾಗಿಲು ಕಾದು ಕೂತಿದ್ದರು. "ಹೇಳಿದ್ವಲ್ಲ ಮಾವ," ಎಂದರೆ ಮುಖ ಸಣ್ಣದಾಗುತ್ತಿತ್ತು. "ಹೌದಲ್ಲ, ಹೇಳಿದ್ರಿ," ಎನ್ನುತ್ತಿದ್ದರು.

"ಅಪ್ಪಂಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ," ಎಂದು ರೇಗುತ್ತಿದ್ದ ಗಂಡ. "ಅರವತ್ತಕ್ಕೆ ಅರಳು ಮರಳು ಅಂತಾರೆ. ಇವರಿಗೆ ಸ್ವಲ್ಪ ತಡವಾಗಿ ಬಂದಿದೆ, ಅಷ್ಟೇ." ತಮಾಷೆ ಮಾಡಿದವನೇ ಆಮೇಲೆ ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಡಾಕ್ಟರು ಹೌದು ಎಂದುಬಿಟ್ಟರೆ ಮೊದಲು ಹೋಗುವುದು ಆ ಬೆಸುಗೆ ಹಾಕುವ ಕಾದ ಸಲಾಕೆ, ಆಮೇಲೆ ವೈರುಗಳು, ಆಮೇಲೆ ಇಡೀ ರೈಲು ಎಂದು ಗಂಡ ಹೆಂಡತಿ ಮಾತಾಡಿಕೊಂಡಾಗಿತ್ತು. ಮನೆ ಸುಟ್ಟುಕೊಂಡ ಮೇಲೆ ಬಾವಿ ತೋಡಿ ಏನು ಪ್ರಯೋಜನ?

ಸೊಸೆಗೆ ಇದರ ದಾರಿ ಗೊತ್ತಿತ್ತು. ಅವಳ ಅಮ್ಮನದೂ ಹೀಗೆಯೇ ಶುರುವಾದದ್ದು. ಮೊದಲು ಒಲೆ ಮರೆತರು, ಆಮೇಲೆ ಬೀದಿ ಮರೆತರು. ಕೊನೆಯ ವರ್ಷ ಇದೇ ಮನೆಯಲ್ಲಿದ್ದರು. ಸೊಸೆ ಕೆಲಸಕ್ಕೆ ಹೋದಾಗ ಅವರ ಪಕ್ಕ ಕೂತು, ಕೇಳಿದ್ದನ್ನೇ ಕೇಳಿದರೂ ಬೇಸರಿಸದೆ ಉತ್ತರ ಕೊಡುತ್ತಿದ್ದವರು ಈ ಮಾವನವರೇ. ಒಂದು ದಿನ ತಲೆ ಬಾಚುತ್ತಿದ್ದ ಮಗಳ ಮುಖವನ್ನೇ ನೋಡಿ ಅಮ್ಮ, "ನೀವು ಯಾರಮ್ಮ? ತುಂಬಾ ಒಳ್ಳೆಯವರು," ಎಂದಿದ್ದರು. ಆ ಮಾತು ಇನ್ನೊಂದು ಬಾಯಿಯಿಂದ ಕೇಳುವ ಶಕ್ತಿ ತನಗಿಲ್ಲ ಎಂದು ಸೊಸೆಗೆ ಖಂಡಿತ ಗೊತ್ತಿತ್ತು.

"ಪೋಸ್ಟಮ್ಮಾ!" ಒಳಗಿನಿಂದ ಕೂಗು ಬಂತು. ಅಂಚೆ ಕಚೇರಿ ಸೇರಿದ ದಿನವೇ ಮಾವನವರು ಅವಳಿಗಿಟ್ಟ ಹೆಸರು. "ಬಾರಮ್ಮ, ಬೇಗ ಬಾ! ಇವತ್ತು ಸುರಂಗದ ಲೈನು ಉದ್ಘಾಟನೆ!"

ಕೈ ಒರೆಸಿಕೊಳ್ಳುತ್ತ ಹೋಗಿ ಬಾಗಿಲಲ್ಲಿ ನಿಂತಳು. ಎಂಜಿನ್ ನಿಲ್ದಾಣ ಬಿಟ್ಟಿತು. ಹಿಂದೆ ಡಬ್ಬಿಗಳು ಒಂದರ ಬಾಲ ಒಂದು ಹಿಡಿದು ಸೇತುವೆ ದಾಟಿ, ಪತ್ರಿಕೆಯ ಬೆಟ್ಟದ ಹೊಟ್ಟೆಯಲ್ಲಿ ಮಾಯವಾದವು. ಈ ಕಡೆಯಿಂದ ಹೊರಬಂದು ಬಾಗಿಲ ಬಳಿಯ ಹೊಸ ತಿರುವಿಗೆ ಬಂದದ್ದೇ ತಡ, ಕಿರ್ರ್ರೀ ಎಂದು ಎಂಥ ಸದ್ದು ಅಂತೀರಿ! ತಿರುವು ಬಿಗಿಯಾಗಿ, ಗಾಲಿಯ ಅಂಚು ಹಳಿಗೆ ಉಜ್ಜುತ್ತಿತ್ತು. ತಗಡಿನ ಮೇಲೆ ಮೊಳೆ ಎಳೆದ ಹಾಗೆ, ಹಲ್ಲಿನ ಬೇರಿಗೇ ಹೋಗಿ ನಾಟುವ ಸದ್ದು. ಪಕ್ಕದ ಮನೆಯ ನಾಯಿ ಬೊಗಳಲು ಶುರುವಿಟ್ಟಿತು. ಆ ಮನೆಯವರು ಗೋಡೆಗೆ ದಬದಬ ಗುದ್ದಿದರು. ಸೊಸೆ ಎರಡೂ ಕಿವಿ ಮುಚ್ಚಿಕೊಂಡಳು.

ಮಾವನವರು ಅಂಗೈಯನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಊರಿ, ಕಣ್ಣು ಮುಚ್ಚಿ ಕೂತಿದ್ದರು. ಮುಖದ ಒಂದು ಬದಿ ಕಾಣುತ್ತಿತ್ತು. ಅದರ ತುಂಬ ನಗು.

"ನೋಡಿದ್ಯಾ? ಬೆಣ್ಣೆ ಥರ ಹೋಗ್ತಿದೆ. ಒಂದು ಚೂರು ಸದ್ದಿಲ್ಲ!"

ಆಯಿತು, ಮುಗಿಯಿತು ಎನ್ನಿಸಿತು ಅವಳಿಗೆ. ಕಣ್ಣು ತುಂಬಿ ರೈಲು ಮಸುಕಾಯಿತು. ಮತ್ತೆ ತಿರುವು ಬಂತು, ಮತ್ತೆ ಕಿರ್ರ್ರೀ, ಮತ್ತೆ ಅದೇ ನಗು. ಆಗ ಅವಳ ತಲೆಯಲ್ಲಿ ಏನೋ ಹೊಳೆಯಿತು. ಅಮ್ಮ ಹೆತ್ತ ಮಗಳನ್ನು ಮರೆತಿದ್ದರು, ನಿಜ. ಆದರೆ ಬೀದಿಯಲ್ಲಿ ಹಾರ್ನ್ ಹೊಡೆದರೆ ಬೆಚ್ಚಿ ಬೀಳುತ್ತಿದ್ದರು. ಮರೆವು ಹೆಸರು ತಿನ್ನುತ್ತದೆ, ದಾರಿ ತಿನ್ನುತ್ತದೆ. ಸದ್ದನ್ನು ಹೇಗೆ ತಿಂದೀತು? ಅದೂ ಬಾಗಿಲ ಕೀಲು ಚೂರು ಕುಯ್ಯೆಂದರೆ ಎಣ್ಣೆ ಹಿಡಿದು ಓಡುತ್ತಿದ್ದ ಮನುಷ್ಯನಿಗೆ?

"ಮಾವ," ಎಂದಳು ಮೆಲ್ಲಗೆ. ಬೆನ್ನು ಅಲುಗಲಿಲ್ಲ.

"ಮಾವ, ನಿಮ್ಮ ಅಂಗಿಗೆ ಬೆಂಕಿ ಹತ್ಕೊಂಡಿದೆ."

ಅಂಗಿಯ ಯಜಮಾನರು ಆರಾಮವಾಗಿ ರೈಲು ಓಡಿಸುತ್ತಿದ್ದರು.

ಅವಳು ಸೆರಗು ಸಿಕ್ಕಿಸಿಕೊಂಡು, ಹಲಗೆಯ ಕೆಳಗೆ ನುಸುಳಿ, ವೈರುಗಳ ಗೊಂಚಲಿಗೆ ತಲೆ ತಾಗಿಸಿಕೊಂಡು, ಬಾವಿಯೊಳಗೆ ಎದ್ದು ನಿಂತಳು. ಇಷ್ಟು ದಿನದಲ್ಲಿ ಅವಳು ಅಲ್ಲಿಗೆ ಹೋದದ್ದು ಅದೇ ಮೊದಲು. ಮಾವನವರ ಭುಜ ಮುಟ್ಟಿದಳು. ಅವರು ಬೆಚ್ಚಿ, ಸ್ಟೂಲಿನ ಮೇಲೇ ತಿರುಗಿ, ಅವಳ ಮುಖ ನೋಡಿದರು. ಅಂಚೆ ಕಚೇರಿಯ ಗಾಜಿನಾಚೆ ಬಾಯಾಡಿಸುವ ಜನರನ್ನು ದಿನಾ ನೋಡುವವಳು ಅವಳು. ದನಿಯನ್ನು ಪೂರ್ತಿ ನುಂಗಿಕೊಂಡು ತುಟಿಯನ್ನಷ್ಟೇ ಆಡಿಸಿದಳು: ಟೀ ಕುಡೀತೀರಾ?

"ಕುಡಿಯೋಣ," ಎಂದರು ಮಾವನವರು ತಟ್ಟನೆ. "ಸಕ್ಕರೆ ಕಮ್ಮಿ ಹಾಕು. ಬೆಳಿಗ್ಗೆ ಕೊಟ್ಟಿದ್ದು ಟೀ ಅಲ್ಲ, ಪಾಕ."

ಅವಳು ಹಲಗೆಯ ಅಂಚು ಹಿಡಿದುಕೊಂಡಳು. ಇನ್ನೊಂದು ಉಳಿದಿತ್ತು. ಕೇಳಲು ಭಯ, ಬಿಡಲು ಇನ್ನೂ ಭಯ. ಮತ್ತೆ ದನಿಯಿಲ್ಲದೆಯೇ ಕೇಳಿದಳು: ನಾನು ಯಾರು, ಹೇಳಿ ಮಾವ.

ಮಾವನವರ ಹುಬ್ಬು ಮೇಲಕ್ಕೆ ಹೋಯಿತು. "ಏನಮ್ಮ ಇದು ಹುಚ್ಚು? ನೀನು ನನ್ನ ಸೊಸೆ. ಈ ಮನೆ ಪೋಸ್ಟಮ್ಮ. ನನ್ನ ಮಗನಂಥ ಮುಂಗೋಪೀನ ಕಟ್ಕೊಂಡು ಏಗ್ತಿರೋ ಪುಣ್ಯಾತ್ಗಿತ್ತಿ. ಯಾಕೆ, ನಿನಗೇ ಮರೆತುಹೋಯ್ತಾ?"

ಅವಳು ನಕ್ಕಳು. ನಗುತ್ತ ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಮಾವನವರು ಗಾಬರಿಯಾಗಿ ಹೆಗಲ ಮೇಲಿದ್ದ ಎಣ್ಣೆಬಟ್ಟೆಯನ್ನೇ ಕಣ್ಣೊರೆಸಲು ಕೊಟ್ಟರು. ಅವಳು ಅದನ್ನೇ ತೆಗೆದುಕೊಂಡು ಒರೆಸಿದಳು, ಕೆನ್ನೆ ಕಪ್ಪಾಯಿತು.

"ಮಾವ, ನಾನು ಇಷ್ಟು ಹೊತ್ತು ದನಿ ತೆಗೆದೇ ಇಲ್ಲ," ಎಂದಳು. "ಬರೀ ತುಟಿ ಆಡಿಸ್ದೆ."

"ಅದರಲ್ಲೇನಿದೆ? ಮಿಲ್ಲಿನಲ್ಲಿ ನಾವೆಲ್ಲ ಹಾಗೇ ಮಾತಾಡ್ತಿದ್ದದ್ದು. ಮಗ್ಗಗಳ ಗದ್ದಲದಲ್ಲಿ ಗಂಟಲು ಹರ್ಕೊಂಡ್ರೂ ಪಕ್ಕದವನಿಗೆ ಕೇಳಿಸ್ತಿರ್ಲಿಲ್ಲ. ಶೆಡ್ಡಿನ ಆ ತುದಿಯಿಂದ ಮೇಸ್ತ್ರಿಯನ್ನ ಬೈದ್ರೆ ಈ ತುದಿಯವರು ನೋಡ್ಕೊಂಡು ನಗ್ತಿದ್ರು. ಯಾವ ಮಗ್ಗಕ್ಕೆ ಸೀಕು ಅನ್ನೋದನ್ನೂ ಕೈಯಿಟ್ಟೇ..." ಮಾತು ಅಲ್ಲಿಗೇ ನಿಂತಿತು. ಅವರು ಹಲಗೆಯ ಮೇಲಿದ್ದ ತಮ್ಮ ಅಂಗೈಯನ್ನು ನೋಡಿದರು, ತಿರುವಿನಲ್ಲಿ ಹೋಗುತ್ತಿದ್ದ ರೈಲನ್ನು ನೋಡಿದರು, ಸೊಸೆಯ ಮುಖ ನೋಡಿದರು.

"ಸದ್ದು ಬರ್ತಿದೆಯಾ ಅದು?"

"ಬೀದಿಯವರೆಲ್ಲ ಎದ್ದು ಕೂತಿದ್ದಾರೆ, ಮಾವ."

ಅವರು ಗುಂಡಿ ತಿರುಗಿಸಿ ರೈಲು ನಿಲ್ಲಿಸಿದರು.

"ಮರೆವಲ್ಲ ನಿಮಗೆ. ಕಿವಿ," ಎಂದಳು ಅವಳು, ಒಂದೊಂದು ಮಾತನ್ನೂ ಅವರ ಕಣ್ಣೆದುರು ಬಿಡಿಸಿಡುತ್ತ. "ನಾವು ಹೇಳಿದ್ದು ಮರೀಲಿಲ್ಲ ನೀವು. ಕೇಳಿಸ್ಲೇ ಇಲ್ಲ. ನಾವೆಲ್ಲ ಬಾಗಿಲಲ್ಲಿ ನಿಂತು ನಿಮ್ಮ ಬೆನ್ನಿಗೆ ಹೇಳ್ತಿದ್ವಿ."

"ಕಿವುಡಾ?" ಎಂದರು ಮಾವನವರು. "ಬರೀ ಕಿವುಡಾ?"

ಕಿವುಡು ಎಂದು ಕೇಳಿ ಇಷ್ಟು ಸಂತೋಷಪಟ್ಟವರು ಲೋಕದಲ್ಲಿ ಬೇರೆ ಯಾರಾದರೂ ಇದ್ದಾರೋ ಇಲ್ಲವೋ. ಅವರು ಉಸಿರನ್ನೆಲ್ಲ ಹೊರಗೆ ಬಿಟ್ಟು, ಎರಡೂ ಕೈಯನ್ನು ತೊಡೆಯ ಮೇಲೆ ಚೆಲ್ಲಿ ಕೂತರು. "ಬದುಕಿದೆಯಾ ಬಡಜೀವವೇ!" ಎಂದರು ತಮಗೆ ತಾವೇ. ಸೊಸೆ ಅವರ ಕೈ ಹಿಡಿದುಕೊಂಡಳು.

"ನಿಮಗೂ ಭಯ ಆಗಿತ್ತಾ?"

"ಆಗ್ದೇ ಇರುತ್ತಾ? ನೀವು ದಿನಾ 'ಹೇಳಿದ್ವಲ್ಲ, ಹೇಳಿದ್ವಲ್ಲ' ಅಂತಿದ್ರಿ. ಎಷ್ಟು ತಡಕಾಡಿದ್ರೂ ನನಗೆ ಒಂದೂ ನೆನಪಿಗೆ ಬರ್ತಿರ್ಲಿಲ್ಲ. ಹೇಳೇ ಇರ್ತಾರೆ, ನನ್ನ ತಲೇನೇ ಕೆಟ್ಟಿದೆ ಅಂದ್ಕೊಂಡೆ. ನಿಮ್ಮಮ್ಮನ ಪಕ್ಕ ಕೂತಿದ್ದವನು ನಾನು. ನನಗೂ ಗೊತ್ತಲ್ಲಮ್ಮ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ." ಅವರು ಹಳಿಗಳ ಕಡೆ ಕೈ ತೋರಿಸಿದರು. "ಮೊದಮೊದಲು ಆಟಕ್ಕೆ ಕಟ್ಟಿದ್ದು. ಆಮೇಲೆ ಇದರಲ್ಲೇ ನನ್ನ ಪರೀಕ್ಷೆ. ಯಾವ ಗಾಡಿ ಯಾವ ಲೈನಿಗೆ, ಯಾವ ಕಡ್ಡಿ ಎಳೆದ್ರೆ ಯಾವ ಹಳಿ ತಿರುಗುತ್ತೆ, ಎಲ್ಲಾ ಕಣ್ಣು ಮುಚ್ಕೊಂಡು ಬೆಳಿಗ್ಗೆ ಎದ್ದು ಒಪ್ಪಿಸೋದು. ಒಂದು ದಿನಾನೂ ತಪ್ಪಿರ್ಲಿಲ್ಲ. ಆದರೂ ನಾಳೆ ತಪ್ಪುತ್ತೇನೋ ಅಂತ ದಿಗಿಲು. ಅದಕ್ಕೇ ಇನ್ನೊಂದು ಲೈನು, ಇನ್ನೊಂದು ಸುರಂಗ..."

ತಲೆ ಗಟ್ಟಿಯಿದೆಯೋ ಎಂದು ನೋಡಿಕೊಳ್ಳಲು ಕಟ್ಟುತ್ತ ಹೋದಷ್ಟೂ ಮುದುಕರು ಮನೆಯವರಿಗೆ ಬೆನ್ನು ಹಾಕಿ ಕೂತಿದ್ದರು. ಇದನ್ನು ಯಾರ ಹಣೆಬರಹ ಎನ್ನುವುದು! ಸೊಸೆ ಹಣೆ ಚಚ್ಚಿಕೊಂಡಳು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲ ಮಾವ!"

"ಏನು ಬೇಕಾದ್ರೂ ಹಿಡಿ, ತಾಯಿ. ನನ್ನ ಬೆಟ್ಟ ಮಾತ್ರ ಅಗೀಬೇಡ," ಎಂದು ಅವರು ಪತ್ರಿಕೆಯ ಬೆಟ್ಟಕ್ಕೆ ಅಡ್ಡವಾಗಿ ಕೈ ಚಾಚಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾಳೆ ಡಾಕ್ಟರ ಹತ್ರ ಹೋಗೋಣ. ಕಿವಿ ಡಾಕ್ಟರು," ಎಂದಳು ನಗು ನಿಂತ ಮೇಲೆ.

"ಮೊದಲೇ ಹೇಳೋದಲ್ವಾ? ಬೇಡ ಅಂತಿದ್ನಾ ನಾನು?"

ಸೊಸೆ ಟೀ ಮಾಡಲು ಹೊರಟಳು.

ಸಂಜೆ ಗಂಡ ಕೆಲಸದಿಂದ ಬಂದಾಗ ಅವಳು ಹೊಸಿಲಲ್ಲೇ ತಡೆದು ಎಲ್ಲವನ್ನೂ ಹೇಳಿದಳು. "ಕಿವಿನಾ? ಸುಮ್ನಿರೇ," ಎಂದ ಮೊದಲು. ಆಮೇಲೆ "ನಿಜವಾಗ್ಲೂ?" ಎಂದ. ಅವನು ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು ಆಡಿದ್ದ ಮಾತುಗಳು ಒಂದೆರಡಲ್ಲ. ಕೇಳಿಸುತ್ತಿದೆ ಎಂದುಕೊಂಡು ಆಡಿದ್ದು ಕೆಲವು, ಹೇಗೂ ತಲೆಗೆ ಹೋಗುವುದಿಲ್ಲ ಎಂದುಕೊಂಡು ಆಡಿದ್ದು ಕೆಲವು. ಮೋರೆ ಕೆಳಗೆ ಹಾಕಿ, ಚೀಲವನ್ನು ಹೆಗಲಿನಿಂದ ಇಳಿಸದೆಯೇ ಹಿಂದಿನ ಕೋಣೆಗೆ ನಡೆದ. ಅವಳೂ ಹಿಂದೆ ಹೋದಳು.

ಅಪ್ಪ ಕಿಟಕಿಯ ಕಡೆ ಮುಖ ಮಾಡಿ, ತಿರುವಿನ ಹಳಿ ಕಿತ್ತು ಸಡಿಲ ಮಾಡುತ್ತಿದ್ದರು. ಮಗ ಬಾಗಿಲಲ್ಲಿ ನಿಂತು ಬಾಯಿ ತೆರೆದ. ಮುಚ್ಚಿದ. ಚೀಲವನ್ನು ಕೆಳಗಿಟ್ಟು, ದಪ್ಪ ಮೈಯನ್ನು ಮಡಿಸಿ, ಏದುಸಿರು ಬಿಡುತ್ತ ಹಲಗೆಯ ಕೆಳಗೆ ನುಗ್ಗಿದ. ಬಾವಿಯಲ್ಲಿ ಎದ್ದು, ಸ್ಟೂಲನ್ನು ಬಳಸಿ ಹೋಗಿ ಕಿಟಕಿಗೆ ಬೆನ್ನು ಕೊಟ್ಟು, ಅಪ್ಪನ ಎದುರು ಕುಕ್ಕರುಗಾಲಲ್ಲಿ ಕೂತ.

ಬಾಗಿಲಲ್ಲಿದ್ದ ಸೊಸೆಗೆ ಅವನ ತಲೆಗೂದಲು ಬಿಟ್ಟರೆ ಏನೂ ಕಾಣಲಿಲ್ಲ, ಒಂದು ಮಾತೂ ಕೇಳಿಸಲಿಲ್ಲ. ಮಾವನವರು ಕೆಳಗೆ ಬಗ್ಗಿ ಮಗನ ತುಟಿಯನ್ನೇ ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ನೋಡಿಯಾದ ಮೇಲೆ, "ಆಯ್ತು ಬಿಡೋ," ಎಂದು ಪಕ್ಕಕ್ಕೆ ಸರಿದು, ಅರ್ಧ ಸ್ಟೂಲು ಬಿಟ್ಟುಕೊಟ್ಟರು.