ಕೈ ನಡುಗದ ಡ್ರೈವರ್

ತುಮಕೂರಿನಿಂದ ಕುಣಿಗಲ್ಲಿಗೆ ಖಾಸಗಿ ಬಸ್ಸು ಓಡಿಸುತ್ತಿದ್ದ ಹನುಮಂತರಾಜುವಿನ ಚಕ್ರಕ್ಕೆ ಅದುವರೆಗೆ ಒಂದು ಕೋಳಿಯೂ ಸಿಕ್ಕಿರಲಿಲ್ಲ. ತೊಂಬತ್ತೇಳನೇ ಇಸವಿಯ ಚಳಿಗಾಲದ ಒಂದು ಬೆಳಿಗ್ಗೆ, ಹೆಬ್ಬೂರು ದಾಟಿದ ಮೇಲೆ, ನಿಂತಿದ್ದ ಟೆಂಪೊ ಮರೆಯಿಂದ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಸರಕ್ಕನೆ ರಸ್ತೆಗೆ ಕಾಲಿಟ್ಟಳು. ಅವನು ಬ್ರೇಕ್ ಮೇಲೆ ಎದ್ದು ನಿಂತ. ಬಸ್ಸು ನಿಂತಿತು, ಆದರೆ ಅವಳನ್ನು ದಾಟಿ ನಿಂತಿತು.

ಬಸ್ಸಿನಲ್ಲಿದ್ದವರೆಲ್ಲ ಡ್ರೈವರದು ತಪ್ಪಿಲ್ಲ ಎಂದು ಸಾಕ್ಷಿ ಹೇಳಿದರು. ಕೋರ್ಟೂ ಅದನ್ನೇ ಹೇಳಿತು. ಬಸ್ಸಿನ ಮಾಲೀಕ ವೆಂಕಟರಂಗಯ್ಯ ಗಾಡಿಯ ಮುಂದೆ ಬೂದುಗುಂಬಳ ಒಡೆಸಿ, ಚಕ್ರಗಳಡಿ ನಿಂಬೆಹಣ್ಣು ಇಡಿಸಿ, "ಕೇಸೇ ಖುಲಾಸೆ ಆಯ್ತಲ್ಲಪ್ಪ, ಇನ್ನೇನ್ ನಿಂದು? ಗಾಡಿ ಹತ್ತು" ಎಂದ.

ಹನುಮಂತರಾಜು ಹತ್ತಿದ. ಆದರೆ ಮುದುಕಿಯ ಜೀವ ತೆಗೆದ ಆ ದೊಪ್ಪೆನ್ನುವ ಸದ್ದು ಅವನ ಕಿವಿಯಿಂದ ಇಳಿಯಲಿಲ್ಲ. ಊಟಕ್ಕೆ ಕೂತರೆ ಮುದ್ದೆ ಹಾಗೇ ಬಿಟ್ಟು ಏಳುತ್ತಿದ್ದ. ಹೆಬ್ಬೂರು ಬಂತೆಂದರೆ ಕೈ ನಡುಗಿ, ಅಂಗೈ ಬೆವೆತು ಸ್ಟೇರಿಂಗ್ ಜಾರುತ್ತಿತ್ತು. ಉಪ್ಪಾರಹಳ್ಳಿಯ ಮನೆಯಲ್ಲಿ ಹೆಂಡತಿ ಮಂಗಳಗೌರಿ ಯಂತ್ರ ಕಟ್ಟಿಸಿದಳು, ದೃಷ್ಟಿ ತೆಗೆದಳು. ಕೊನೆಗೆ ಕಂಡಕ್ಟರ್ ಬೆಟ್ಟಸ್ವಾಮಿ ಒಂದು ಉಪಾಯ ಹೇಳಿಕೊಟ್ಟ. "ಒಂದ್ ಕ್ವಾರ್ಟರ್ ಬುಟ್ಕೊಂಡು ಹತ್ತಣ್ಣ. ಕೈ ಕಲ್ಲಾಯ್ತದೆ ನೋಡು."

ಆಯಿತು. ಕೈ ನಡುಗುವುದು ನಿಂತಿತು. ಕ್ವಾರ್ಟರ್ ಬರಬರುತ್ತ ಹಾಫ್ ಆಯಿತು. ಬೆಟ್ಟಸ್ವಾಮಿಯೇ ಏಲಕ್ಕಿ ತಂದುಕೊಡುತ್ತಿದ್ದ. ಮುಂದಿನ ಸೀಟಿನಲ್ಲಿ ಕೂರುವ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರೇ ಹೊರತು ಯಾರೂ ಬಸ್ಸಿಳಿದು ಹೋಗಲಿಲ್ಲ. ವೆಂಕಟರಂಗಯ್ಯನಿಗೂ ಗೊತ್ತಿತ್ತು. "ಏನಾರ ಮಾಡ್ಕೊ, ಟೈಮಿಂಗ್ಸ್ ಮಾತ್ರ ಮಿಸ್ ಮಾಡ್ಬ್ಯಾಡ" ಎಂದಿದ್ದ.

ಹೀಗೆ ಎರಡು ವರ್ಷದ ಮೇಲಾಯಿತು. ಒಂದು ಭಾನುವಾರ ಮಗಳು ಕೃತಿಕಾಳ ಕೈಜಾರಿ ತುಂಬಿದ ಕೊಡ ಅಡುಗೆಮನೆಯಲ್ಲಿ ದೊಪ್ಪೆಂದು ಬಿತ್ತು. ಹನುಮಂತರಾಜು ಎದ್ದು ಹೋಗಿ ಅವಳ ಕೆನ್ನೆಗೆ ಬಾರಿಸಿದ. ಹುಡುಗಿ ಗೋಡೆಗೆ ತಾಕಿ ಕೂತಳು, ತುಟಿ ಒಡೆದಿತ್ತು. ಅವಳು ಅಳಲಿಲ್ಲ. ಅವನು ಮತ್ತೆ ಕೈಯೆತ್ತುತ್ತಾನೋ ಎಂದು ನೋಡುತ್ತ ಕೂತಿದ್ದಳು. ಆ ನೋಟವನ್ನು ಅವನಿಂದ ತಡೆಯಲಾಗಲಿಲ್ಲ.

ಮಾರನೆಯ ದಿನ ಅವನು ಯಾರಿಗೂ ಹೇಳದೆ ತುಮಕೂರಿನ ಮನೋವೈದ್ಯರೊಬ್ಬರ ಮುಂದೆ ಹೋಗಿ ಕೂತ. ಅವರು, "ಆ ಸದ್ದು ಕೇಳಿಸಿದಾಗ ನಿಮಗೆ ಏನಾಗುತ್ತೆ?" ಎಂದು ಕೇಳಿದರು. ಇಷ್ಟು ದಿನ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ. ಉತ್ತರ ಹೇಳಲು ಹೋಗಿ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಮಾತ್ರೆ ಕೊಟ್ಟರು, ಕುಡಿತ ಬಿಡಿಸಿದರು, ತಾವು ಹೇಳುವ ತನಕ ಗಾಡಿ ಮುಟ್ಟಬೇಡಿ ಎಂದರು. ಊರಲ್ಲಿ ಕೆಲಸವಿದೆಯೆಂದು ರಜೆ ಹಾಕಿ ಅವನು ಹಾಗೇ ಮಾಡಿದ. ನಿದ್ದೆ ಬಂತು. ಅನ್ನ ರುಚಿಸಿತು. ಡಾಕ್ಟರು ಒಪ್ಪಿದ ಮೇಲೆ ಮತ್ತೆ ಗಾಡಿ ಹತ್ತಿದ. ಹೆಬ್ಬೂರಿನ ಆಚೆ ಮುದುಕಿ ನೆನಪಾಗುತ್ತಿದ್ದಳು, ಎದೆ ಭಾರವಾಗುತ್ತಿತ್ತು, ಆದರೆ ಕೈ ನಡುಗುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ದಿನ ಆ ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲು ಇಳಿಯುವಾಗ ಹನುಮಂತರಾಜು ಬೆಟ್ಟಸ್ವಾಮಿಯ ಕಣ್ಣಿಗೆ ಬಿದ್ದ. ಸಂಜೆಯೊಳಗೆ ಸುದ್ದಿ ಬಸ್‌ಸ್ಟ್ಯಾಂಡಿನ ತುಂಬ ಹರಡಿತು. ವೆಂಕಟರಂಗಯ್ಯ ಕರೆಸಿದ.

"ತಲೆ ಕೆಟ್ಟೋರ್ ನುಂಗೋ ಮಾತ್ರೆ ನುಂಗ್ತೀಯಂತೆ? ನಿನ್ ಕೈಲಿ ಸ್ಟೇರಿಂಗ್ ಕೊಟ್ರೆ ನನ್ ಬಸ್ಸಿಗೆ ಯಾರಯ್ಯ ಹತ್ತುತಾರೆ?"

"ಕುಡ್ಕೊಂಡು ಓಡಿಸ್ವಾಗ ಹತ್ತುತಿದ್ರಲ್ಲ ಯಜಮಾನ್ರೆ."

"ಕುಡಿಯೋದು ಗಂಡಸ್ರು ಮಾಡೋದು ಕಣೋ. ಇದು ಬ್ಯಾರೆ."

ಹನುಮಂತರಾಜು ತನ್ನ ಎರಡೂ ಕೈಗಳನ್ನು ಮಾಲೀಕನ ಮುಂದೆ ಚಾಚಿ ಹಿಡಿದ. "ನೋಡಿ, ನಡುಗ್ತಾ ಇದಾವಾ?"

ವೆಂಕಟರಂಗಯ್ಯ ನೋಡಲಿಲ್ಲ. ಮಾರನೆಯ ಬೆಳಿಗ್ಗೆ ಸ್ಟೇರಿಂಗ್ ಹಿಡಿದು ಕೂತವನು ಬೇರೆ ಡ್ರೈವರ್. ಸ್ಟ್ಯಾಂಡಿನಲ್ಲಿದ್ದ ಬೇರೆ ಮಾಲೀಕರೂ ಇವನ ಮುಖ ಕಂಡರೆ ಮಾತು ಬದಲಿಸತೊಡಗಿದರು.

ಮನೆಯಲ್ಲಾದರೂ ಸಮಾಧಾನ ಸಿಕ್ಕೀತೆಂದುಕೊಂಡಿದ್ದ. ಮಂಗಳಗೌರಿ ಅಕ್ಕಿ ಆರಿಸುತ್ತಲೇ, "ಮೊದ್ಲಿನಂಗೇ ಇದ್ದಿದ್ರೆ ಕೆಲ್ಸಾನಾದ್ರೂ ಉಳೀತಿತ್ತು" ಎಂದಳು.

"ಮಗಳನ್ನ ಹೊಡ್ಕೊಂಡು ಇರ್ಬೇಕಿತ್ತೇನೇ?"

"ಯಾರ್ ಹೊಡಿಯಕಿಲ್ಲ? ಅವ್ಳು ದೊಡ್ಡೋಳಾಯ್ತಾ ಅವ್ಳೆ. ಅಪ್ಪಂಗೆ ತಲೆ ಕೆಟ್ಟಿತ್ತು ಅಂದ್ರೆ ನಾಳೆ ಯಾರ್ ಬಂದ್ ಹೆಣ್ ಕೇಳ್ತಾರೆ? ಅದನ್ನ್ ಯೋಚ್ನೆ ಮಾಡಿದ್ರಾ?"

ಅವನು ಎದ್ದು ಹೋಗಿ ಆ ಹೊತ್ತಿನ ಮಾತ್ರೆ ನುಂಗಿದ. ಮುಂದೆಯೂ ಬಿಡಲಿಲ್ಲ.

ಕಡೆಗೆ ಕೆಲಸ ಸಿಕ್ಕಿದ್ದು ಗುಬ್ಬಿಯ ಒಂದು ಎಣ್ಣೆ ಮಿಲ್ಲಿನಲ್ಲಿ, ಕೊಬ್ಬರಿ ಮೂಟೆ ಇಳಿಸಿ ಜೋಡಿಸುವುದು. ಅಲ್ಲಿ ಅವನನ್ನು ಬಲ್ಲವರಿರಲಿಲ್ಲ. ಸೇರಿದ ಹೊಸದರಲ್ಲಿ, ಮಧ್ಯಾಹ್ನ ಉಂಡು ಮಾತ್ರೆ ಬಾಯಿಗೆ ಹಾಕಿಕೊಳ್ಳುವಾಗ ಮಿಲ್ಲಿನ ಸಾಹುಕಾರ ವೀರಭದ್ರಯ್ಯ ಹಿಂದೆಯೇ ಬಂದು ನಿಂತ.

"ಅದೇನಯ್ಯ ಮಾತ್ರೆ?"

ಹನುಮಂತರಾಜು ನೀರು ಕುಡಿದು ಲೋಟ ಕೆಳಗಿಟ್ಟ. "ಶುಗರ್ರು, ಸ್ವಾಮಿ."

"ಅಯ್ಯೋ ಪಾಪ! ಇಷ್ಟ್ ಬೇಗ್ಲೇ ಬಂದ್‌ಬುಡ್ತಾ? ನಮ್ಮನೆಯೋರ್ಗೂ ಐತೆ ಕಣಯ್ಯ. ಹೊತ್ತೊತ್ತಿಗೆ ಊಟ ಮಾಡ್ಬೇಕು. ಸುಸ್ತಾದ್ರೆ ಹೇಳು, ಅಂಗೇ ಕೂತ್ಕೊ, ಯಾರೂ ಏನೂ ಅನ್ನಲ್ಲ." ವೀರಭದ್ರಯ್ಯ ಒಳಕ್ಕೆ ಕೂಗಿ, ಇವನಿಗೆ ಭಾರದ ಮೂಟೆ ಕೊಡಬೇಡಿರೆಂದೂ ಹೇಳಿದ.

ಕಾಯಿಲೆ ಮೈಗೆ ಬಂದರೆ ಇಷ್ಟೊಂದು ಮರ್ಯಾದೆ ಇದೆಯೆಂದು ಹನುಮಂತರಾಜುವಿಗೆ ಗೊತ್ತೇ ಇರಲಿಲ್ಲ. ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರು ಬಂತು. ಮೂಟೆಗಳ ಕಡೆ ಮುಖ ತಿರುಗಿಸಿದ.

ಅಂದು ಸಂಜೆ ಎಲ್ಲರಿಗೂ ಕಾಫಿ ಬಂದಾಗ ಅವನ ಲೋಟ ಮಾತ್ರ ಬೇರೆಯಾಗಿ ಬಂತು, ಸಕ್ಕರೆ ಹಾಕದ್ದು. ಅವನು ಅದನ್ನು ಗುಟುಕು ಗುಟುಕಾಗಿ, ಎಲ್ಲರೂ ನೋಡುವ ಹಾಗೆ ಕುಡಿದು ಮುಗಿಸಿದ. ಮಾರನೆಯ ದಿನವೂ ಕುಡಿದ. ಆ ಮಿಲ್ಲಿನಲ್ಲಿ ಇರುವಷ್ಟು ಕಾಲವೂ ಅದನ್ನೇ ಕುಡಿಯಬೇಕಾಗಿತ್ತು.