ವಿಯೆನ್ನಾದಲ್ಲಿ ನನ್ನ ತಲೆ ಆಡಿದ ಬಗೆ

ವಿಯೆನ್ನಾ ನಗರವನ್ನು ನನ್ನಷ್ಟು ಬಲ್ಲವರು ವಿಯೆನ್ನಾದಲ್ಲೇ ಇಲ್ಲ. ಬಲ್ಗೇರಿಯದ ಅಸೆನೊವ್‌ಗ್ರಾದ್‌ನ ನನ್ನ ಕ್ಷೌರದಂಗಡಿಯಲ್ಲಿ ಹದಿನಾರು ವರ್ಷಗಳಿಂದ ಈ ಮಾತು ಹೇಳುತ್ತಾ ಬಂದಿದ್ದೇನೆ. ಹೇಳುವಾಗ ಕತ್ತಿ ನನ್ನ ಕೈಯಲ್ಲೂ ಕುತ್ತಿಗೆ ಗಿರಾಕಿಯದೂ ಆಗಿರುತ್ತಿದ್ದುದರಿಂದ ಒಬ್ಬನೂ ಎದುರಾಡಿದ್ದಿಲ್ಲ.

ನಂಬದೆ ಉಳಿದವರು ನನ್ನ ಅತ್ತೆ ಪೆಟ್ಕಾನಾ ಒಬ್ಬರೇ. ಎಪ್ಪತ್ತೊಂಬತ್ತು ವರ್ಷ, ಮೂರು ಹಲ್ಲು. ಆ ಮೂರರಲ್ಲೇ ಕಬ್ಬಿಣ ಕಡಿಯಬಲ್ಲ ಹೆಂಗಸು. ಅವರ ಸೂಜಿದಾರದ ಹಳೆಯ ಬಿಸ್ಕತ್ತು ಡಬ್ಬಿಯ ಮುಚ್ಚಳದ ಮೇಲೆ ವಿಯೆನ್ನಾದ ದೊಡ್ಡ ರಾಟೆತೊಟ್ಟಿಲಿನ ಚಿತ್ರವಿತ್ತು. ಐವತ್ತು ವರ್ಷ ಅದನ್ನೇ ನೋಡುತ್ತಾ ಗುಂಡಿ ಹೊಲಿದವರು, ಆಗಸ್ಟ್ ರಜೆಗೆ ನನ್ನ ಹೆಂಡತಿ ಸಮೇತ ನಾವು ಮೂವರು ವಿಯೆನ್ನಾದಲ್ಲಿ ರೈಲಿಳಿದ ಕೂಡಲೇ ಅಪ್ಪಣೆ ಕೊಟ್ಟರು.

"ಅಳಿಯಪ್ಪ, ಇವತ್ತೇ ಅದರಲ್ಲಿ ಕೂರ್ಬೇಕು ನಾನು. ನಾಳೆಗೆ ಅಂತ ಏನೂ ಎತ್ತಿಡೋ ವಯಸ್ಸಲ್ಲ ನಂದು."

"ಅಯ್ಯೋ, ಅದು ನನಗೆ ಅಂಗೈ ಗೆರೆ ಇದ್ದ ಹಾಗೆ ಅತ್ತೆ!"

"ಆಗ್ಲಿ. ಹತ್ತಿಸದೆ ಹೋದ್ರೆ, ಊರಿಗೆ ಹೋದ ಮೇಲೆ ಊಟದ ಮೇಜಿನ ತಲೆಗಡೆ ಕುರ್ಚಿ ಡೋಬ್ರಿಗೆ."

ಡೋಬ್ರಿ ನನ್ನ ಷಡ್ಡಕ. ತಿನ್ನುವಾಗ ಪಚಪಚ ಸದ್ದು ಮಾಡುತ್ತಾನೆ. ಆ ಕುರ್ಚಿಗಾಗಿ ನಾನು ಹನ್ನೊಂದು ವರ್ಷ ಯುದ್ಧ ಮಾಡಿದ್ದೇನೆ. ನೆಪೋಲಿಯನ್ ಕೂಡ ಅಷ್ಟು ಕಾಲ ಮಾಡಿರಲಾರ.

ಮೊದಲು ಕಾಫಿ ಕುಡಿಯೋಣವೆಂದು ಒಂದು ಕಾಫಿಮನೆಗೆ ನುಗ್ಗಿದೆವು. ಜರ್ಮನ್ ನನಗೆ ಪೂರ್ತಿ ಅರ್ಥವಾಗುತ್ತದೆ. ನಾಲಿಗೆ ಮಾತ್ರ ಆ ಭಾಷೆಗೆ ಬಗ್ಗುವುದಿಲ್ಲ. ಹಾಗಾಗಿ ತಲೆಯಿಂದಲೇ ಉತ್ತರಿಸುತ್ತೇನೆ. ಕಪ್ಪು ಕೋಟಿನ ಮಾಣಿ ಬಂದು, ಕಾಫಿಯ ಜತೆಗೆ ಕೇಕು ಬೇಕೆ ಎಂದ. ಬೇಡವೆಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ನಮ್ಮ ಬಲ್ಗೇರಿಯದಲ್ಲಿ ಹಾಗೆ ಆಡಿಸಿದರೆ ಬೇಡ, ಅಡ್ಡಡ್ಡ ಆಡಿಸಿದರೆ ಹೌದು. ಮೊಲೆಹಾಲು ಕುಡಿಯುವ ಕೂಸಿಗೂ ಗೊತ್ತಿರುವ ವಿಷಯ.

ಕೇಕು ಬಂತು. ಇನ್ನೊಂದು? ನಾನು ಇನ್ನಷ್ಟು ಜೋರಾಗಿ ಮೇಲೆ ಕೆಳಗೆ ಆಡಿಸಿದೆ. ಎರಡು ಬಂದವು. ಸಿಟ್ಟಿನಿಂದ ಗದ್ದ ಎದೆಗೆ ಬಡಿಯುವಂತೆ ಆಡಿಸಿದೆ. ಅಡುಗೆಮನೆಯಿಂದ ನಾಲ್ವರು ಸಾಲಾಗಿ ಹೊರಬಂದರು. ಕೊನೆಗೆ ಮೇಜಿನ ಮೇಲೆ ಎಷ್ಟು ಕೇಕುಗಳೆಂದರೆ, ಎದುರಿಗೆ ಕೂತಿದ್ದ ಹೆಂಡತಿ ಸ್ಟೋಯ್ಕಾ ಕಾಣಿಸದೆ ಅವಳ ದನಿ ಮಾತ್ರ ಕೆನೆಯ ಆಚೆಯಿಂದ ಬಂತು.

"ಅಲ್ಲಾ ಮಾರಾಯಾ, ಇಲ್ಲಿಯವ್ರು ತಲೆ ಉಲ್ಟಾ ಆಡಿಸ್ತಾರೆ! ಮೇಲೆ ಕೆಳಗೆ ಅಂದ್ರೆ ಇವ್ರಿಗೆ ಹೂಂ ಅಂತ. ಅಷ್ಟೂ ಗೊತ್ತಿಲ್ವಾ ನಿಂಗೆ?"

"ಗೊತ್ತು! ಅತ್ತೆಗೆ ಹಸಿವಾಗಿರಬಹುದು ಅಂತ..."

ಅತ್ತೆ ಬಾಯ್ತುಂಬ ಕೆನೆ ಇಟ್ಟುಕೊಂಡೇ ಅಂದರು: "ಡೋಬ್ರಿ ಇದ್ದಿದ್ರೆ ಇಷ್ಟರೊಳಗೆ ರಾಟೆ ಮೇಲಿರ್ತಿದ್ದ."

ತಿಂದು ಮುಗಿಸುವಷ್ಟರಲ್ಲಿ ಸಂಜೆ ಆರು. ಹೊರಗೆ ಜನವೋ ಜನ. ಒಂದು ಸೂಜಿಯನ್ನು ಮೇಲಿಂದ ಬಿಟ್ಟಿದ್ದರೆ ನೆಲ ಮುಟ್ಟದೆ ಯಾರದೋ ಟೋಪಿಯಲ್ಲೇ ಊರೆಲ್ಲ ತಿರುಗುತ್ತಿತ್ತು. ಟ್ಯಾಕ್ಸಿ ಹಿಡಿದೆವು. ಇನ್ನು ಮೋಸಹೋಗಬಾರದು, ಇಲ್ಲಿಯವರ ಹಾಗೆಯೇ ತಲೆ ಆಡಿಸುವುದೆಂದು ಶಪಥ ಮಾಡಿ, ಜರ್ಮನ್ ನನಗೆ ನೀರು ಕುಡಿದಷ್ಟು ಸುಲಭವೆಂದು ಹಿಂದಿನ ಸೀಟಿನಲ್ಲಿ ಅತ್ತೆಯೊಡನೆ ಕಿತ್ತಾಡುತ್ತಾ ಎರಡು ಸಲ ಗಟ್ಟಿಯಾಗಿ ಹೇಳಿದೆ.

ಚಾಲಕ ಜರ್ಮನ್‌ನಲ್ಲಿ ಕೇಳಿದ: ರಾಟೆತೊಟ್ಟಿಲಿಗೋ? ಕುತ್ತಿಗೆಯ ನರವೆಲ್ಲ ಬೇಡವೆನ್ನುತ್ತಿದ್ದರೂ ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ಆತ ಕನ್ನಡಿಯಲ್ಲಿ ನನ್ನನ್ನು ನೋಡಿ ಮತ್ತೆ ಕೇಳಿದ: ಹಾಗಾದರೆ ದೊಡ್ಡ ಸ್ಮಶಾನಕ್ಕೋ? ತಲೆಯನ್ನು ಅಡ್ಡಡ್ಡ ಎಷ್ಟು ಬಿರುಸಾಗಿ ಆಡಿಸಿದೆನೆಂದರೆ ಕಿಟಕಿಯ ಗಾಜಿನ ಧೂಳು ಹಾರಿಹೋಯಿತು.

ಅರ್ಧ ಗಂಟೆಯ ನಂತರ ಕಾರು ನಿಂತಿತು. ಇಳಿದು ನೋಡಿದರೆ ಕಣ್ಣು ಹಾಯುವವರೆಗೂ ಗೋರಿಗಳು.

ಅತ್ತೆ ಒಂದು ಗೋರಿಯನ್ನು ನೋಡಿದರು, ನನ್ನನ್ನು ನೋಡಿದರು. "ಅಲ್ಲಯ್ಯಾ ಅಳಿಯ! ಎರಡು ವರ್ಷ ತಡಿಯೋಕಾಗ್ಲಿಲ್ವಾ? ಡಬ್ಬಿ ಮುಚ್ಚಳ ತೋರ್ಸಿದ್ರೆ ಗುಂಡಿ ತೋರಿಸ್ತೀಯಲ್ಲೋ, ಮನೆಹಾಳ!"

ಚಾಲಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಆಮೇಲೆ ಅಪ್ಪಟ ಬಲ್ಗೇರಿಯನ್‌ನಲ್ಲಿ, "ಅಜ್ಜೀ, ನಾನು ವಿದಿನ್ ಊರಿನ ತ್ಸೋಲೊ. ನೀವು ಹಿಂದೆ ಕೂತು ಕಿತ್ತಾಡಿದ್ದು ಕೇಳ್ದಾಗ್ಲೇ ನಮ್ಮೋರು ಅಂತ ಗೊತ್ತಾಯ್ತು. ಅದ್ಕೇ ಇವರ ತಲೆನ ನಮ್ಮ ಕಡೆ ಲೆಕ್ಕದಲ್ಲೇ ಓದ್ದೆ" ಎಂದ.

"ಮತ್ತೆ ಜರ್ಮನ್‌ನಲ್ಲಿ ಯಾಕಯ್ಯಾ ಕೇಳ್ದೆ?" ಎಂದೆ ನಾನು.

"ನೀರು ಕುಡಿದಷ್ಟು ಸುಲಭ ಅಂದ್ರಲ್ಲ ಅಣ್ಣಾ. ಮರ್ಯಾದೆ ಕೊಟ್ಟೆ."

ಸ್ಟೋಯ್ಕಾ ಆಸರೆಗೆ ಗೋರಿ ಹಿಡಿದುಕೊಂಡು ನಕ್ಕಳು. ಅತ್ತೆ ನಗಲಿಲ್ಲ. ಹೊತ್ತು ಇಳಿಯುವುದನ್ನೇ ನೋಡುತ್ತಿದ್ದರು. ಆಗ ಮೊದಲ ಸಲ ನನಗೆ ಕುರ್ಚಿ ಮರೆತುಹೋಯಿತು. ಡಬ್ಬಿಯ ಮುಚ್ಚಳ ಬೆರಳಾಡಿಸಿ ಸವೆದು, ಚಿತ್ರದ ರಾಟೆಯ ಅರ್ಧ ಬಣ್ಣ ಎದ್ದುಹೋಗಿದ್ದು ನೆನಪಾಯಿತು.

"ತ್ಸೋಲೊ, ಹಾರಿಸು!" ಎಂದೆ. ಅವನು ಹಾರಿಸಿದ. ದಾರಿಯಲ್ಲಿ ನಮ್ಮ ನೆರಳೇ ಹಿಂದುಳಿದು, ಎರಡು ತಿರುವು ದಾಟಿದ ಮೇಲೆ ಏದುಸಿರು ಬಿಡುತ್ತಾ ಬಂದು ಸೇರಿಕೊಂಡಿತು.

ರಾಟೆಯ ಬಾಗಿಲಲ್ಲಿ, ಜನ ಕೂರುವ ಡಬ್ಬಿಗಳಲ್ಲಿ ಒಂದೇ ಒಂದು ಇನ್ನೂ ತೆರೆದಿತ್ತು. ಕಾವಲಿನವಳು ಚಿಲಕದ ಮೇಲೆ ಕೈಯಿಟ್ಟು ನನ್ನನ್ನೇ ಕೇಳಿದಳು: ಹತ್ತುತ್ತೀರಾ?

ನನ್ನ ತಲೆ ನಿಂತುಹೋಯಿತು. ಮೇಲೆ ಕೆಳಗೋ, ಅಡ್ಡಡ್ಡವೋ? ಇವಳು ಇಲ್ಲಿಯವಳೋ, ಇವಳೂ ವಿದಿನ್‌ನವಳೋ? ಅನುಮಾನ ಹೆಚ್ಚಾಗಿ ತಲೆ ಎರಡೂ ಕಡೆ ಒಟ್ಟಿಗೆ ಹೊರಟು, ಬೀಸುಕಲ್ಲಿನ ಹಾಗೆ ಗಿರಗಿರ ಸುತ್ತತೊಡಗಿತು. ಆಕೆ ಹುಬ್ಬು ಗಂಟಿಕ್ಕಿ ಬಾಗಿಲು ಎಳೆದಳು.

ಅಷ್ಟರಲ್ಲಿ ಹಿಂದಿನಿಂದ ಎರಡು ಕೈ ಬಂದು ನನ್ನ ಎರಡೂ ಕಿವಿಗಳನ್ನು ಹಿಡಿದವು. ಊರಿನ ಸಾವಿರಾರು ತಲೆಗಳನ್ನು ನಾನು ಹೇಗೆ ಹಿಡಿದು ತಿರುಗಿಸಿದ್ದೇನೋ ಹಾಗೆಯೇ, ಅತ್ತೆ ನನ್ನ ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ, ಬಾವಿಯ ಕೈಪಂಪಿನಂತೆ ಒತ್ತಿದರು.

"ಹತ್ತುತ್ತಾನಮ್ಮಾ, ಇವನಪ್ಪನೂ ಹತ್ತುತ್ತಾನೆ!" ಎಂದು ಬಲ್ಗೇರಿಯನ್‌ನಲ್ಲೇ ಕೂಗಿದರು. ಬಾಗಿಲು ತೆರೆಯಿತು.

ತುತ್ತತುದಿಯಲ್ಲಿ ಡಬ್ಬಿ ನಿಂತಾಗ ಕೆಳಗೆ ವಿಯೆನ್ನಾ, ಅದರಾಚೆ ಇಡೀ ಭೂಮಿ. ನಮ್ಮ ಮನೆಯ ಹಿತ್ತಲಲ್ಲಿ ಒಣಹಾಕಿದ ನನ್ನ ಅಂಗಿಯೂ ಕಾಣಿಸಿತು, ಎಡತೋಳು ಹರಿದಿದ್ದು. ಅತ್ತೆ ಗಾಜಿಗೆ ಮೂಗು ಒತ್ತಿಕೊಂಡು ನಿಂತರು. ಆಮೇಲೆ ತಿರುಗದೆಯೇ ಕೇಳಿದರು.

"ಕುರ್ಚಿ ನಿಂದೇ ಬಿಡು. ಆದ್ರೆ ನಿಜ ಹೇಳು, ಮುಂಚೆ ಯಾವಾಗ್ಲಾದ್ರೂ ಈ ಊರಿಗೆ ಬಂದಿದ್ಯಾ?"

ಬಂದಿದ್ದೆ, ಹದಿನಾರು ವರ್ಷದ ಹಿಂದೆ. ರೈಲು ಬದಲಿಸಲು ನಾಲ್ಕು ಗಂಟೆ ನಿಲ್ದಾಣದ ಬೆಂಚಿನ ಮೇಲೆ ನಿದ್ದೆ ಮಾಡಿದ್ದೆ. ಅದನ್ನು ಬಾಯಿಬಿಟ್ಟು ಹೇಳುವುದೇಕೆ? ತಲೆ ಆಡಿಸಿದೆ.

"ಅದು ಯಾವ ದೇಶದ್ದೋ?" ಎಂದರು ಅತ್ತೆ, ಗಾಜಿನಲ್ಲಿ ನನ್ನ ಪ್ರತಿಬಿಂಬ ನೋಡಿ, ಇತ್ತ ತಿರುಗಿ, ಎರಡೂ ಕೈಗಳನ್ನು ಮೆಲ್ಲಗೆ ನನ್ನ ಕಿವಿಗಳ ಕಡೆಗೆ ಚಾಚುತ್ತಾ.